ಹಿಂದೆ ಸ್ವಲ್ಪ ಭಾರ

ನಮ್ಮೂರಿನ ಕೆರೆ ವರ್ಷಕ್ಕೊಮ್ಮೆ ಏಳುತ್ತದೆ. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಎದ್ದು, ಗುಡ್ಡದ ಹಿಂದಿನಿಂದ ಸುತ್ತು ಹಾಕಿ, ಸಂಜೆಯೊಳಗೆ ಊರು ಇದ್ದ ಜಾಗಕ್ಕೆ ಬಂದು ಕೂರುತ್ತದೆ. ಅಷ್ಟರಲ್ಲಿ ಊರು ಎದ್ದು ಕೆರೆಯಿದ್ದ ಜಾಗಕ್ಕೆ ಹೋಗಿರಬೇಕು. ಮುಂದಿನ ವರ್ಷ ಇದೇ ತಿರುಗುಮುರುಗು. ಹಾಗಾಗಿ ನಮ್ಮಲ್ಲಿ ಮನೆಗಳಿಗೆ ಪಾಯ ಇಲ್ಲ, ಗಾಲಿ ಇದೆ. ಬೇರೆ ಊರಿನಿಂದ ಸೊಸೆಯಾಗಿ ಬಂದವರು ಮೊದಲ ವರ್ಷ ಅಳುತ್ತಾರೆ, ಎರಡನೆಯ ವರ್ಷ ಟೈರಿಗೆ ಗಾಳಿ ತುಂಬಿಸಿದ್ದೀರಾ ಎಂದು ಮಾವನನ್ನು ಗದರುತ್ತಾರೆ.

ನಾನು, ನನ್ನ ತಮ್ಮ ವಿಶ್ವಂಭರ, ಅವನ ಹೆಂಡತಿ ಚಂಪಾ, ಮೂವರೂ ಒಂದೇ ಮನೆಯಲ್ಲಿದ್ದೇವೆ. ನನಗೀಗ ಎಪ್ಪತ್ತಾರು. ಫಿಸಿಕ್ಸ್ ಓದಿ ಬಿ.ಎಸ್ಸಿ. ಮಾಡಿದವಳು. ನಮ್ಮ ಮನೆಯಲ್ಲಿ ಈ ಬಿ.ಎಸ್ಸಿ. ನೆನಪಾಗುವುದು ಫ್ಯೂಸ್ ಹೋದಾಗ ಮಾತ್ರ. ತಮ್ಮ ಅಂಚೆ ಕಚೇರಿಯಿಂದ ನಿವೃತ್ತನಾಗಿ ಆರು ವರ್ಷವಾಯಿತು. ಅವನಿಗೆ ದಪ್ಪ ಮೀಸೆ ಇದೆ, ಎಲ್ಲ ವಿಷಯದಲ್ಲೂ ಒಂದು ಅಭಿಪ್ರಾಯ ಇದೆ. ಚಂಪಾ ಈ ಊರಿನವಳೇ. ಅವಳು ಹತ್ತು ವರ್ಷದವಳಿದ್ದಾಗ ಅವಳಪ್ಪ ಎತ್ತು ಸಿಗದೆ ತಡ ಮಾಡಿದ್ದರಿಂದ ಅವರ ಮನೆ ಹಿಂದೆ ಉಳಿಯಿತು. ಜನ ಬದುಕಿಕೊಂಡರು, ಮನೆ ಕೆರೆಯ ಪಾಲಾಯಿತು. ಕೆರೆ ಹೋದಲ್ಲೆಲ್ಲ ಅದನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಹೋಗುತ್ತದೆ. ನೀರು ತಿಳಿಯಾದ ದಿನ ಚಂಪಾ ಕೊಡ ಬದಿಗಿಟ್ಟು ಸ್ವಲ್ಪ ಹೊತ್ತು ಬಗ್ಗಿ ನೋಡುತ್ತಾಳೆ. ಅಡಿಗೆಮನೆಯ ಕಿಟಕಿ ಇನ್ನೂ ಕಾಣುತ್ತದಂತೆ. ಆ ಹೊತ್ತಿನಲ್ಲಿ ಅವಳನ್ನು ಯಾರೂ ಮಾತಾಡಿಸುವುದಿಲ್ಲ. ಸರದಿಯಲ್ಲಿ ನಿಂತ ಜಗಳಗಂಟಿಯರೂ ಸುಮ್ಮನೆ ಕಾಯುತ್ತಾರೆ.

ಮೊದಲೆಲ್ಲ ನಮ್ಮ ಮನೆಯನ್ನು ಪಕ್ಕದ ಚೌಡಪ್ಪನ ಟ್ರಾಕ್ಟರು ಎಳೆಯುತ್ತಿತ್ತು. ಸ್ವಂತ ಗಾಡಿಯಿಲ್ಲದ ಹನ್ನೆರಡು ಮನೆಗಳನ್ನು ಅವನೇ ಒಂದಾದಮೇಲೊಂದು ದಾಟಿಸುತ್ತಾನೆ. ಸರದಿಯನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಹೋದ ವರ್ಷದ ಹಿಂದಿನ ವರ್ಷ ನಮಗೆ ಹನ್ನೆರಡನೆಯ ಚೀಟಿ ಬಂತು. ಎರಡೂ ಜಾಗದಲ್ಲಿ ಒಂದೊಂದು ಬಂಡೆ ಇದೆ. ಮೊದಲು ಹೋದವರು ಬಂಡೆಯ ಹತ್ತಿರದ ಎತ್ತರದ ಜಾಗ ಹಿಡಿದಿದ್ದರು, ನಮಗೆ ಉಳಿದದ್ದು ಕೆಸರಿನ ತಗ್ಗು. ವರ್ಷವಿಡೀ ಮನೆಯಲ್ಲಿ ಮೀನಿನ ವಾಸನೆ. ಸತ್ಯನಾರಾಯಣ ಪೂಜೆಗೆ ಬಂದ ಭಟ್ಟರು ಮೂಗಿಗೆ ಉತ್ತರೀಯ ಹಿಡಿದೇ ಕಥೆ ಮುಗಿಸಿದರು. ತಮ್ಮನಿಗೆ ಅದು ಮರೆಯಲಾಗದ ಅವಮಾನವಾಯಿತು. ಚೀಟಿ ಎತ್ತಿದವನು ತಾನೇ ಎಂಬುದು ಮಾತ್ರ ಮರೆತುಹೋಯಿತು.

"ಚೌಡಪ್ಪ ಬೇಕಂತಲೇ ಹಿಂಗೆ ಮಾಡಿದ" ಎಂದು ಹೇಳಿಕೊಂಡು ತಿರುಗಿದ. ಕೊನೆಗೆ ಒಂದು ಪಿಕಪ್ ತಂದು ಬಾಗಿಲಲ್ಲಿ ನಿಲ್ಲಿಸಿದ.

ಚಿಕ್ಕದಲ್ಲ, ದೊಡ್ಡದೂ ಅಲ್ಲ, ನಡುಗಾತ್ರದ ಪಿಕಪ್. ಎರಡು ಸಾಲು ಸೀಟು, ಹಿಂದೆ ತೆರೆದ ತೊಟ್ಟಿ. ಅದರ ಜೊತೆ ಬಂದ ಬಣ್ಣದ ಪುಸ್ತಕದಲ್ಲಿ ಮೂರು ಟನ್ ಎಳೆಯುತ್ತದೆ ಎಂದು ಬರೆದಿತ್ತು. ಪಕ್ಕದ ಚಿತ್ರದಲ್ಲಿ ಒಂದು ಬಿಳಿಯ ಗಾಲಿಮನೆಯನ್ನು ಅದು ಬೆಟ್ಟ ಹತ್ತಿಸುತ್ತಿತ್ತು, ಕಪ್ಪು ಕನ್ನಡಕದ ಹುಡುಗಿಯೊಬ್ಬಳು ಕಿಟಕಿಯಿಂದ ಕೈ ಬೀಸುತ್ತಿದ್ದಳು. ಆ ಮನೆಯಲ್ಲಿ ಒರಳುಕಲ್ಲು ಇದ್ದಂತೆ ಕಾಣಲಿಲ್ಲ. ತಮ್ಮ ಆ ಪುಸ್ತಕವನ್ನು ದೇವರ ಕೋಣೆಯಲ್ಲಿ ಪಂಚಾಂಗದ ಪಕ್ಕ ಇಟ್ಟ. ಚಹಾದಂಗಡಿಗೆ ಹೋಗುವಾಗ ಮಾತ್ರ ಹೊರತೆಗೆಯುತ್ತಿದ್ದ. ಅಲ್ಲಿ ಗಂಡಸರು ಸುತ್ತ ಕೂತು ತಮ್ಮ ತಮ್ಮ ಗಾಡಿ ಏನೇನು ಎಳೆದಿದೆ ಎಂದು ಹೇಳಿಕೊಳ್ಳುತ್ತಾರೆ. ಒಂದು ಲೋಟ ಚಹಾ ಮುಗಿಯುವುದರೊಳಗೆ ಎರಡು ಟನ್ನಿನ ಮನೆ ನಾಲ್ಕು ಟನ್ನಾಗುತ್ತದೆ. ಅಂಥ ಒಂದು ದಿನ ನನ್ನ ತಮ್ಮ ಎಲ್ಲರೆದುರು ಎದ್ದು ನಿಂತು, "ಈ ಸಲ ನನ್ನ ಮನೆ ಮೇಲೆ ಬೇರೆಯವರ ಹಗ್ಗ ಬಿದ್ರೆ ಮೀಸೆ ಬೋಳಿಸ್ತೀನಿ" ಎಂದುಬಿಟ್ಟ. ಚೌಡಪ್ಪ ಅಲ್ಲೇ ಮೂಲೆಯಲ್ಲಿ ಬನ್ನು ಅದ್ದಿಕೊಂಡು ತಿನ್ನುತ್ತಿದ್ದನಂತೆ. ತಲೆ ಎತ್ತಲಿಲ್ಲವಂತೆ.

ಇಲ್ಲಿ ಒರಳಿನ ವಿಷಯ ಹೇಳಬೇಕು. ನಮ್ಮೂರಿನಲ್ಲಿ ಮನೆ ಹೊರಡುವಾಗ ಒರಳು ಹಿಂಭಾಗದಲ್ಲಿ, ಬಿಟ್ಟು ಹೋಗುವ ನೆಲಕ್ಕೆ ಮುಖ ಮಾಡಿ ಇರಬೇಕು. ಇಷ್ಟು ದಿನ ಅನ್ನ ಕೊಟ್ಟ ನೆಲಕ್ಕೆ ಬೆನ್ನು ತೋರಿಸಬಾರದು ಎಂದು ಹಿರಿಯರು ಮಾಡಿದ ಪದ್ಧತಿ. ದುಂಡನೆಯ ಕಲ್ಲಿಗೆ ಮುಖ ಯಾವುದು, ಬೆನ್ನು ಯಾವುದು ಎಂದು ಯಾರೂ ಕೇಳಿದ್ದಿಲ್ಲ. ಟ್ರಾಕ್ಟರು ಕೋಣನ ಹಾಗೆ, ಹಿಂದೆ ಏನು ಕಟ್ಟಿದರೂ ನಡೆದಾಡುವ ವೇಗದಲ್ಲಿ ಎಳೆದುಕೊಂಡು ಹೋಗುತ್ತದೆ. ಪಿಕಪ್ಪಿನ ಮಾತು ಬೇರೆ ಎಂದು ನನಗನ್ನಿಸಿತು.

ಒಂದು ಬೆಳಿಗ್ಗೆ ಚೌಡಪ್ಪ ನಮ್ಮ ಜರಡಿ ಹಿಂತಿರುಗಿಸಲು ಬಂದಿದ್ದ. ಅವನೆದುರೇ ನಾನು ಚಪಾತಿ ಮಣೆಯನ್ನು ಲಟ್ಟಣಿಗೆಯ ಮೇಲಿಟ್ಟು ತಮ್ಮನಿಗೆ ತೋರಿಸಿದೆ. "ನೋಡು ವಿಶ್ವ, ಲಟ್ಟಣಿಗೆ ಅಂದ್ರೆ ನಮ್ಮ ಮನೆಯ ಗಾಲಿ. ಹಿಂದೆ ಲೋಟ ಇಟ್ರೆ ಮುಂದಿನ ತುದಿ ಮೇಲೇಳುತ್ತೆ. ಅದು ಎದ್ದರೆ ನಿನ್ನ ಪಿಕಪ್ಪಿನ ಹಿಂದಿನ ಗಾಲೀನೂ ಎತ್ತುತ್ತೆ. ಭಾರ ಇಲ್ಲದ ಗಾಲಿ ಏರಿನಲ್ಲಿ ಜಾರುತ್ತೆ. ಒರಳನ್ನ ಮುಂದಕ್ಕೆ ಹಾಕೋಣ."

"ಅಕ್ಕಾ, ಇದು ಲಟ್ಟಣಿಗೆ ಅಲ್ಲ, ನಾಲ್ಕು ಸಿಲಿಂಡರು" ಎಂದ ತಮ್ಮ.

"ಒರಳು ಮುಂದೆ ಹಾಕಿದ್ರೆ ನಾಳೆ ನಾಲ್ಕು ಜನ ನನ್ನನ್ನ ಕೇಳ್ತಾರೆ ಪದ್ದಕ್ಕ" ಎಂದಳು ಚಂಪಾ.

ಚೌಡಪ್ಪ ಮಾತ್ರ ಮಣೆಯನ್ನೇ ನೋಡುತ್ತ ನಿಂತಿದ್ದ. ಮೆಲ್ಲಗೆ ಬಗ್ಗಿ ಲೋಟವನ್ನು ಹಿಂದಿನಿಂದ ಮುಂದಕ್ಕೆ ಸರಿಸಿದ, ಮುಂತುದಿ ಕೆಳಗೆ ಕೂತಿತು. "ಹೌದಲ್ಲ ಅಮ್ಮಾರೆ" ಎಂದು ಜರಡಿ ಇಟ್ಟು ಹೋದ.

ಹೊರಡುವ ಹಿಂದಿನ ದಿನ ಎಲ್ಲ ಮನೆಗಳನ್ನೂ ತೂಕ ಹಾಕಿಸಬೇಕು. ಪಿಕಪ್ಪಿಗೆ ಕಟ್ಟುವ ಮನೆ ಎರಡು ಟನ್ ಮೀರಕೂಡದು ಎಂದು ಊರಿನ ಸಮಿತಿಯ ನಿಯಮ. ತೂಕದ ಕಟ್ಟೆಯನ್ನು ನೋಡಿಕೊಳ್ಳುವವಳು ಹುಸೇನಬಿ. ನಿಯಮವನ್ನು ಪಾಲಿಸುವುದಕ್ಕೆ ನಮ್ಮೂರಿನಲ್ಲಿ ಒಂದು ಕ್ರಮವಿದೆ. ತೂಕದ ಕಟ್ಟೆಗೆ ಬರುವ ಮೊದಲು ಹಿಂದಿನ ಸಂದಿಯಲ್ಲಿ ಭಾರದ ಸಾಮಾನು ಇಳಿಸುತ್ತಾರೆ, ತೂಕವಾದ ಮೇಲೆ ಸುತ್ತಿಕೊಂಡು ಹೋಗಿ ಮತ್ತೆ ಹೇರುತ್ತಾರೆ. ಸಮಿತಿಯ ಅಧ್ಯಕ್ಷರೇ ಅದರ ಹಿಂದಿನ ವರ್ಷ ಅಲ್ಲಿ ಒಂದು ಮಂಚ ಮರೆತುಬಂದು, ಹದಿನೈದು ದಿನ ನೆಲದ ಮೇಲೆ ಮಲಗಿದ್ದರು.

ನಮ್ಮ ಮನೆಯಿಂದ ಇಳಿದದ್ದು ಒರಳು, ಚಂಪಾಳ ಎರಡು ಅಕ್ಕಿ ಮೂಟೆ, ಉಪ್ಪಿನಕಾಯಿ ಭರಣಿಗಳು, ತಮ್ಮ ಅಂಚೆ ಕಚೇರಿಯಿಂದ ಹರಾಜಿನಲ್ಲಿ ತಂದ ಕಬ್ಬಿಣದ ತಿಜೋರಿ. ಅದರಲ್ಲಿ ಏನೂ ಇಲ್ಲ. ಬೀಗದಕೈ ಕಳೆದುಹೋಗಿರುವುದರಿಂದ ಖಚಿತವಾಗಿ ಹೇಳಲಾಗದು. ಹಾಗೆಯೇ ಒಂದು ತಗಡಿನ ಟ್ರಂಕು. ಅದು ನನ್ನದು. ಅದರ ತುಂಬ ಕಾಲೇಜಿನ ಪುಸ್ತಕಗಳು. ತೂಕದ ಬಗ್ಗೆ, ಸನ್ನೆಗೋಲಿನ ಬಗ್ಗೆ, ಸಮತೋಲದ ಬಗ್ಗೆ.

ಹುಸೇನಬಿ ಸಂದಿಯ ಕಡೆ ಬೆನ್ನು ಹಾಕಿ ಕುರ್ಚಿ ತಿರುಗಿಸಿಕೊಂಡು ಕೂತಿದ್ದಳು. ಪ್ರತಿ ವರ್ಷವೂ ಹಾಗೇ. ಯಾರೂ ಅವಳ ಎದುರು ತಲೆ ತಗ್ಗಿಸುವ ಹಾಗಾಗಬಾರದು ಎಂದು ಬಿಸಿಲಿಗೂ ಮುಖ ಕೊಟ್ಟು ಕೂರುತ್ತಾಳೆ. ಚೀಟಿ ನನ್ನ ಕೈಗಿಟ್ಟು, "ಸಾವಿರದ ಒಂಬೈನೂರು ಕೆಜಿ ಅಂತ ಬರ್ದಿದೀನಿ ಪದ್ದಕ್ಕ. ಆದ್ರೆ ಏರು ಚೀಟಿ ಓದಲ್ಲ" ಎಂದಳು.

ಹಿಂದಿನ ಸಂದಿಯಲ್ಲಿ ಎಲ್ಲವನ್ನೂ ಮತ್ತೆ ಹೇರಿದೆವು. ನಮ್ಮ ಮನೆಗೆ ಬಾಗಿಲು ಇರುವುದು ಹಿಂದೆ. ಮೂವರಿಗೂ ವಯಸ್ಸಾಗಿದೆ. ಬಾಗಿಲಲ್ಲಿ ಇಟ್ಟದ್ದು ಬಾಗಿಲಲ್ಲೇ ಉಳಿಯಿತು. ಮುಂದಕ್ಕೆ ತಳ್ಳೋಣ ಎಂದು ನಾನೂ ಹೇಳಲಿಲ್ಲ, ಸೊಂಟ ನೋಯುತ್ತಿತ್ತು.

ಮರುದಿನ ಮಧ್ಯಾಹ್ನ ಗಂಟೆ ಬಾರಿಸಿದರು. ಕೆರೆ ಎದ್ದಿತು. ಸಾವಿರ ಒದ್ದೆ ಸೀರೆಗಳನ್ನು ಒಟ್ಟಿಗೇ ಕೊಡವಿದಂಥ ಸದ್ದು, ಆಮೇಲೆ ಗುಡ್ಡದ ಹಿಂದೆ ಮರೆಯಾಯಿತು. ಒಂದೊಂದೇ ಮನೆ ಹೊರಟಿತು. ತಮ್ಮ ಹೊಸ ಟೋಪಿ ಹಾಕಿಕೊಂಡು ಪಿಕಪ್ಪನ್ನು ಹಿಂದಕ್ಕೆ ತಂದು ಮನೆಯ ಮುಂದೆ ಚಾಚಿದ ಕಬ್ಬಿಣದ ಮೂತಿಯ ಕೆಳಗೆ ನಿಲ್ಲಿಸಿದ. ಆದರೆ ಮೂತಿ ಪಿಕಪ್ಪಿನ ಕೊಕ್ಕೆಗೆ ಕೂರಲಿಲ್ಲ. ಸಂತೆಯ ಗೂಳಿಯ ಹಾಗೆ ಮೇಲಕ್ಕೇ ಎತ್ತಿಕೊಂಡು ನಿಂತಿತ್ತು.

"ವಿಶ್ವ, ಹಿಂದೆ ಭಾರ ಜಾಸ್ತಿಯಾಗಿದೆ. ಸ್ವಲ್ಪ ಸಾಮಾನು ಮುಂದಕ್ಕೆ ಹಾಕಿಬಿಡೋಣ" ಎಂದೆ.

"ಹೊತ್ತಾಯ್ತಕ್ಕಾ! ಬಂಡೆ ಹತ್ತಿರದ ಜಾಗ ಹೋಗುತ್ತೆ."

ದಾರಿಯಲ್ಲಿ ಹೋಗುತ್ತಿದ್ದ ಮೂವರನ್ನು ಕರೆದು ಮೂತಿಯ ಮೇಲೆ ಕೂರಿಸಿದ. ಅವರು ಕೂತರು, ಕುಪ್ಪಳಿಸಿದರು, ಕೊಕ್ಕೆ ಬಿತ್ತು. ಅವರು ಇಳಿದಾಗ ಪಿಕಪ್ಪಿನ ಹಿಂಭಾಗ ಗೇಣುದ್ದ ಮೇಲೆ ಬಂದದ್ದನ್ನು ನಾನು ನೋಡಿದೆ, ಆ ಮೂವರೂ ನೋಡಿದರು. ಅವರಲ್ಲೊಬ್ಬ ಬಾಯಿ ತೆರೆದ. ಟೋಪಿ ಹಾಕಿಕೊಂಡವನಿಗೆ ಬುದ್ಧಿ ಹೇಳುವುದು ಸರಿಯಲ್ಲ ಎನ್ನಿಸಿತೋ ಏನೋ, ಮುಚ್ಚಿಕೊಂಡ. ಇಷ್ಟರಲ್ಲಿ ಎರಡೂವರೆ ಗಂಟೆ ಕಳೆದು, ಊರಿನಲ್ಲಿ ನಾವೇ ಕೊನೆಯವರಾಗಿದ್ದೆವು. ಚೌಡಪ್ಪ ಹನ್ನೊಂದನೆಯ ಮನೆಯನ್ನೂ ಎಳೆದುಕೊಂಡು ಹೋಗಿಯಾಗಿತ್ತು.

ಹಳೆಯ ಜಾಗಕ್ಕೂ ಹೊಸ ಜಾಗಕ್ಕೂ ನಡುವೆ ಒಂದು ಹಳ್ಳದ ತಗ್ಗಿದೆ. ಇಳಿದು ಹತ್ತಬೇಕು. ಕೆರೆ ಬರುವ ದಾರಿಯೂ ಅದೇ. ತಡ ಮಾಡಿದವರನ್ನು ಅದು ಅಲ್ಲೇ ಹಿಡಿಯುತ್ತದೆ. ಚಂಪಾಳ ಅಪ್ಪನ ಮನೆಯನ್ನು ಹಿಡಿದದ್ದೂ ಅಲ್ಲೇ.

ಇಳಿಜಾರಿನಲ್ಲಿ ತಮ್ಮ ವೇಗ ಹೆಚ್ಚಿಸಿದ. ಆಗ ಮನೆ ಬಾಲ ಆಡಿಸತೊಡಗಿತು. ಮೊದಲು ಮೆಲ್ಲಗೆ ಎಡಕ್ಕೆ ಬಲಕ್ಕೆ. ಆಮೇಲೆ, ಹಠ ಮಾಡುವ ಮಗುವನ್ನು ರೆಟ್ಟೆ ಹಿಡಿದು ಅಲ್ಲಾಡಿಸುವ ಹಾಗೆ ನಮ್ಮನ್ನೆಲ್ಲ ಹಿಂದಿನಿಂದ ಹಿಡಿದು ಅಲ್ಲಾಡಿಸಿತು. ಕನ್ನಡಿಯಲ್ಲಿ ನಮ್ಮ ಮನೆಯ ಕಿಟಕಿ ಎಡಗಡೆ ಬಂದು ಇಣುಕಿತು, ಮರುಕ್ಷಣ ಬಲಗಡೆ ಇಣುಕಿತು. ಚಂಪಾ ಮಡಿಲಲ್ಲಿದ್ದ ದೇವರ ಪೆಟ್ಟಿಗೆಯನ್ನು ಅವುಚಿಕೊಂಡು, "ನಿಧಾನ ರೀ! ನಿಧಾನ!" ಎಂದು ಕೂಗಿದಳು.

"ನಿಧಾನವಾಗೇ ಹೋಗ್ತಿದೀನಿ, ಅದೇ ತಳ್ತಾ ಇದೆ!" ಎಂದ ತಮ್ಮ. ಜೀವನದಲ್ಲಿ ಮೊದಲ ಸಲ ಅವನ ದನಿಯಲ್ಲಿ ಅಭಿಪ್ರಾಯ ಇರಲಿಲ್ಲ.

ಹೇಗೋ ತಗ್ಗು ಮುಟ್ಟಿದೆವು. ಏರು ಶುರುವಾಯಿತು. ನಲವತ್ತು ಮಾರು ಹತ್ತಿರಬಹುದು, ಪಿಕಪ್ಪಿನ ಹಿಂದಿನ ಗಾಲಿಗಳು ನಿಂತಲ್ಲೇ ಗರಗರ ತಿರುಗಿ ಕೆಸರು ಎರಚಿದವು. ರಬ್ಬರು ಸುಟ್ಟ ವಾಸನೆ. ಗಾಡಿ ಮುಂದೆ ಹೋಗಲಿಲ್ಲ. ತಮ್ಮ ಮತ್ತೆ ಒತ್ತಿದ, ಮತ್ತೆ ಗರಗರ. ಇಳಿದು ಗಾಲಿಗೆ ಕಲ್ಲು ಕೊಟ್ಟು ಬಂದ.

ಗುಡ್ಡದ ತಿರುವಿನಲ್ಲಿ ಬೆಳ್ಳಕ್ಕಿಗಳು ಕಂಡವು. ಕೆರೆ ಬರುವಾಗ ಅವು ಮುಂದೆ ಮುಂದೆ ನಡೆದುಕೊಂಡು ಬರುತ್ತವೆ, ಮದುವೆ ದಿಬ್ಬಣದ ಮುಂದೆ ಬರುವ ಗತ್ತಿನ ಮಾವಂದಿರ ಹಾಗೆ. ಅವುಗಳ ಹಿಂದೆ ಬಿಸಿಲಿಗೆ ಹೊಳೆಯುವ ನೀರಿನ ಅಂಚು.

"ಅಕ್ಕಾ, ನೀನೂ ಇವಳೂ ಇಳಿದು ನಡೀರಿ" ಎಂದ ತಮ್ಮ.

ಚಂಪಾ ಕದಲಲಿಲ್ಲ. "ಒಂದು ಮನೆಯ ಕಿಟಕಿ ನೋಡಿದ್ದು ಸಾಕು ನನಗೆ" ಎಂದಳು. ಕೂಗಲಿಲ್ಲ, ಅಳಲಿಲ್ಲ. ತಮ್ಮ ಅವಳ ಮುಖ ನೋಡಿ ಸ್ಟೀರಿಂಗಿನ ಮೇಲೆ ಹಣೆ ಇಟ್ಟ. ಟೋಪಿ ಕೆಳಗೆ ಬಿತ್ತು.

ಆಗ ಏರಿನ ಮೇಲಿನಿಂದ ಟ್ರಾಕ್ಟರಿನ ಸದ್ದು ಕೇಳಿಸಿತು. ಚೌಡಪ್ಪ ಒಬ್ಬನೇ ಖಾಲಿ ಟ್ರಾಕ್ಟರು ಬಿಟ್ಟುಕೊಂಡು ಬರುತ್ತಿದ್ದ. ನಮ್ಮನ್ನು ಕಾಣದವನ ಹಾಗೆ ದಾಟಿ ಕೆಳಗೆ ಹೋಗಿ, ತಿರುಗಿಸಿಕೊಂಡು ಬಂದು, ನಮ್ಮ ಮುಂದೆ ನಿಲ್ಲಿಸಿ ಇಳಿದ. ತಮ್ಮ ತಟ್ಟನೆ ನೆಟ್ಟಗಾದ, ಟೋಪಿ ಹುಡುಕಿ ಹಾಕಿಕೊಂಡ.

"ಏನು ಚೌಡಪ್ಪ?" ಎಂದ, ತಾನು ಗಾಳಿ ಸೇವನೆಗೆ ಗಾಡಿ ನಿಲ್ಲಿಸಿದ್ದೇನೆ ಎಂಬಂತೆ.

"ಬೀಡಿ ಕಟ್ಟು ಬಿದ್ದೋಗಿತ್ತು ವಿಶ್ವಂಭರಣ್ಣ, ಹುಡುಕ್ಕೊಂಡು ಬಂದೆ."

"ಸಿಕ್ತಾ?"

"ಸಿಗ್ಲಿಲ್ಲ, ಬಿಡಿ. ನಮ್ಮದು ಈಗ ಬೇರೆ ಫಜೀತಿಯಾಗಿದೆ." ತಲೆ ಕೆರೆದುಕೊಂಡ. "ಹನ್ನೊಂದು ಸಲ ಹತ್ತಿ ಇಳಿದು ಏರು ಕೆಸರಾಗೋಗಿದೆ. ಖಾಲಿ ಟ್ರಾಕ್ಟರು ಹತ್ತಲ್ಲ ಅನ್ನುತ್ತೆ. ಹಿಂದೆ ಸ್ವಲ್ಪ ಭಾರ ಇದ್ರೆ ಗಾಲಿ ಕಚ್ಚುತ್ತೆ. ನೀವು ದೊಡ್ಡ ಮನಸ್ಸು ಮಾಡಿ ನಿಮ್ಮ ಗಾಡಿನ ನನ್ನ ಹಿಂದೆ ಕಟ್ಟಿಕೊಟ್ರೆ, ಮೇಲೆ ಹೋಗೋ ತನಕ, ನಿಮ್ಮ ಉಪಕಾರ ಮರೆಯಲ್ಲ."

ತಮ್ಮ ನನ್ನ ಕಡೆ ನೋಡಿದ. ಬಿ.ಎಸ್ಸಿ. ಮಾಡಿದ ಅಕ್ಕನ ಕಡೆ. ಎರಡು ನಿಮಿಷದ ಹಿಂದೆ ಇದೇ ಟ್ರಾಕ್ಟರು ಖಾಲಿಯಾಗಿಯೇ ಇದೇ ಏರಿನಲ್ಲಿ ಅರ್ಧ ಹತ್ತಿಕೊಂಡು ಬಂದು ನಿಂತಿತ್ತು.

"ಅವನು ಹೇಳೋದು ಸರಿಯಿದೆ ವಿಶ್ವ" ಎಂದೆ. "ಭಾರ ಇಲ್ಲದ ಗಾಲಿ ಜಾರುತ್ತೆ."

ತಮ್ಮ ಕೆರೆಯ ಕಡೆ ನೋಡಿದ. ಬೆಳ್ಳಕ್ಕಿಗಳು ತಗ್ಗಿಗೆ ಇಳಿದಿದ್ದವು. ಆದರೂ ಮೀಸೆಯ ಮೇಲೆ ಬೆರಳಾಡಿಸಿ, "ಹಗ್ಗ?" ಎಂದ.

"ಅಯ್ಯೋ, ನನ್ನ ಹತ್ರ ಹಗ್ಗಾನೂ ಇಲ್ಲವಲ್ಲ. ನಿಮ್ಮದೇ ಕೊಡಬೇಕು" ಎಂದ ಚೌಡಪ್ಪ. ಹೇಳುತ್ತಲೇ ಹೆಗಲ ಮೇಲಿನ ಟವೆಲನ್ನು ತೆಗೆದು ಟ್ರಾಕ್ಟರಿನ ಸೀಟಿನ ಹಿಂದಕ್ಕೆ ಹಾಕಿದ. ಟವೆಲಿನ ಕೆಳಗೆ ಮರೆಯಾದದ್ದು ಕಬ್ಬಿಣದ ದಪ್ಪ ಸರಪಳಿ, ಮಧ್ಯಾಹ್ನದಿಂದ ಹನ್ನೊಂದು ಮನೆ ಎಳೆದದ್ದು. ಎರಡು ಕೊಂಡಿ ಹೊರಗೆ ಉಳಿದಿದ್ದವು. ಅವನ್ನೂ ಒಳಗೆ ತಳ್ಳಿದ.

ತಮ್ಮನ ಹೊಸ ಹಗ್ಗವನ್ನೇ ಬಿಗಿದರು. ಚೌಡಪ್ಪ ಆಮೇಲೆ ಹಿಂದೆ ಹೋಗಿ, "ಮನೆ ಬಾಗಿಲು ಸರಿಯಾಗಿ ಹಾಕಿದೆಯಾ ನೋಡ್ತೀನಿ" ಎಂದು ಒಳಗೆ ಹೊಕ್ಕ. ಒಳಗೆ ಏನೋ ಉರುಳಿದ ಸದ್ದು, ಎಳೆದ ಸದ್ದು, ಒಂದು ಸಲ "ಉಸ್ಸಪ್ಪಾ" ಎಂದದ್ದು ಕೇಳಿಸಿತು. ಪಿಕಪ್ಪಿನ ಹಿಂಭಾಗ ನಿಧಾನಕ್ಕೆ ಕೆಳಗೆ ಕೂತಿತು. ತಮ್ಮ ಮುಂದೆ ನಿಂತು ಹಗ್ಗದ ಗಂಟನ್ನು ಪರೀಕ್ಷಿಸುತ್ತಿದ್ದ. ಹಿಂದೆ ನೋಡಲಿಲ್ಲ. ನೋಡದೆ ಇರುವುದಕ್ಕೇ ಆ ಗಂಟನ್ನು ಅಷ್ಟು ಹೊತ್ತು ಪರೀಕ್ಷಿಸಿದನೋ ಏನೋ. ಹಾಗಿದ್ದರೆ, ಅದು ಅವನು ಆ ದಿನ ಮಾಡಿದ ಒಂದೇ ಬುದ್ಧಿವಂತಿಕೆ.

ಟ್ರಾಕ್ಟರು ಎಳೆಯಿತು. ಈ ಸಲ ನಮ್ಮ ಗಾಲಿಗಳೂ ನೆಲ ಕಚ್ಚಿದವು. ಹಗ್ಗ ಬಿಗಿಯಿತು, ಸಡಿಲವಾಯಿತು, ಬಿಗಿಯಿತು. ಹಿಂದಿನ ಗಾಜಿನಲ್ಲಿ ನಮ್ಮ ಮನೆ, ಅದರಾಚೆ ನೀರು. ಗಾಲಿಗೆ ಕೊಟ್ಟಿದ್ದ ಕಲ್ಲುಗಳು ಮುಳುಗಿದವು. ಚಂಪಾ ಒಂದು ಸಲವೂ ತಿರುಗಿ ನೋಡಲಿಲ್ಲ. ಏರಿನ ತುದಿ ಮುಟ್ಟಿದಾಗ ಅವಳು ದೇವರ ಪೆಟ್ಟಿಗೆಯ ಮೇಲಿನ ಹಿಡಿತ ಬಿಟ್ಟಳು. ಆಮೇಲೆ ಕೆಳಗೆ ತಗ್ಗಿನಲ್ಲಿ ಕೆರೆ ಸಾವಕಾಶವಾಗಿ ಹಾದುಹೋಯಿತು, ಅವಳ ತವರುಮನೆಯನ್ನು ಹೊತ್ತುಕೊಂಡು.

ಮೇಲೆ ಬಂದಮೇಲೆ ತಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಸಾಕಾ ಚೌಡಪ್ಪ, ಇನ್ನೂ ಸ್ವಲ್ಪ ದೂರ ಬೇಕಾ?" ಎಂದು ಕೇಳಿದ.

"ಸಾಕು ವಿಶ್ವಂಭರಣ್ಣ. ದೊಡ್ಡ ಉಪಕಾರವಾಯ್ತು."

ಬಂಡೆಯ ಹತ್ತಿರದ ಜಾಗವೆಲ್ಲ ಮುಗಿದಿತ್ತು. ನಮಗೆ ಮತ್ತೆ ಕೆಸರಿನ ತಗ್ಗೇ ಸಿಕ್ಕಿತು. ಮನೆಯೊಳಗೆ ಹೋಗಿ ನೋಡಿದರೆ ಅಕ್ಕಿ ಮೂಟೆ, ತಿಜೋರಿ, ನನ್ನ ಟ್ರಂಕು ಎಲ್ಲವೂ ಮುಂದಿನ ಗೋಡೆಗೆ ಒತ್ತಿ ನಿಂತಿದ್ದವು. ಒರಳು ಮಾತ್ರ ಹಿಂದೆಯೇ ಇತ್ತು, ಬಾಗಿಲ ಪಕ್ಕ, ಬಿಟ್ಟು ಬಂದ ನೆಲಕ್ಕೆ ಮುಖ ಮಾಡಿ. ನಾಳೆ ನಾಲ್ಕು ಜನ ಚಂಪಾಳನ್ನು ಏನೂ ಕೇಳದ ಹಾಗೆ.

ಮರುದಿನ ನಾನು ಒಂದು ಡಬ್ಬಿ ತಂಬಿಟ್ಟು ತೆಗೆದುಕೊಂಡು ಚೌಡಪ್ಪನ ಮನೆಗೆ ಹೋದೆ. ಅವನು ಸೊಂಟಕ್ಕೆ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದ.

"ಚೌಡಪ್ಪ, ಆ ತಗಡಿನ ಟ್ರಂಕು ಸಿಕ್ಕಾಪಟ್ಟೆ ಭಾರ ಇತ್ತಲ್ವಾ" ಎಂದೆ.

"ಇತ್ತು ಅಮ್ಮಾರೆ. ಏನಿತ್ತು ಅದ್ರಲ್ಲಿ?"

"ಭಾರ ಎಲ್ಲಿಡಬೇಕು ಅಂತ ಬರೆದಿರೋ ಪುಸ್ತಕಗಳು" ಎಂದೆ. ಅವನು ನಗಲಿಲ್ಲ. ನನ್ನ ಮಾನ ಉಳಿಸುವುದಕ್ಕೆ ತಂಬಿಟ್ಟು ಬಾಯಿಗೆ ಹಾಕಿಕೊಂಡ.

ಈಗ ಚಹಾದಂಗಡಿಯಲ್ಲಿ ನನ್ನ ತಮ್ಮನ ಕಥೆಯೇ ಕಥೆ. ಆ ದಿನ ಟ್ರಾಕ್ಟರು ಏರಿನಲ್ಲಿ ಸಿಕ್ಕಿಕೊಂಡಿತ್ತು, ಕೆರೆ ಹತ್ತಿರ ಬಂದಿತ್ತು, ನಮ್ಮ ಪಿಕಪ್ ಹಿಂದಿನಿಂದ ಆಸರೆ ಕೊಟ್ಟು ಹತ್ತಿಸಿತು, ಹಗ್ಗ ಕೂಡ ನಮ್ಮದೇ. ಹೇಳಿ ಹೇಳಿ ಟ್ರಾಕ್ಟರಿನ ತೂಕ ಹೆಚ್ಚುತ್ತಿದೆ, ಮೀಸೆಯೂ ಬೆಳೆಯುತ್ತಿದೆ. ಚೌಡಪ್ಪ ಮೂಲೆಯಲ್ಲಿ ಬನ್ನು ಅದ್ದುತ್ತ, "ಹೌದು, ಹೌದು" ಎನ್ನುತ್ತಾನೆ. ಸಮಿತಿಯವರು ಮನೆ ಎಳೆಯುವ ವಿಷಯದಲ್ಲಿ ತಮ್ಮನನ್ನು ಸಲಹೆಗಾರನನ್ನಾಗಿ ಮಾಡಿದ್ದಾರೆ. ಅವನ ಮೊದಲ ಸಲಹೆ, ಭಾರವನ್ನು ಮುಂದೆ ಇಡಬೇಕು ಎಂಬುದು. ಲಟ್ಟಣಿಗೆಯನ್ನು ಮನೆಯಿಂದಲೇ ತೆಗೆದುಕೊಂಡು ಹೋಗಿ ತೋರಿಸಿದನಂತೆ. ಆ ದಿನ ನಾವು ಚಪಾತಿ ಬಿಟ್ಟು ಅನ್ನ ತಿಂದೆವು.

ಮುಂದಿನ ವಾರ ಕೆರೆ ಮತ್ತೆ ಏಳುತ್ತದೆ. ನಿನ್ನೆ ಚೌಡಪ್ಪ ಬಾಗಿಲಿಗೆ ಬಂದ. ಚಂಪಾ ಕೊಟ್ಟ ಕಾಫಿ ಕುಡಿದು, ಲೋಟವನ್ನು ತಾನೇ ತೊಳೆದಿಟ್ಟು, ಬೀದಿಯಲ್ಲಿ ನಾಲ್ಕು ಜನ ನಿಂತಿದ್ದಾರೆ ಎಂದು ಖಾತ್ರಿ ಮಾಡಿಕೊಂಡು, ಎಲ್ಲರಿಗೂ ಕೇಳಿಸುವ ಹಾಗೆ ಕೇಳಿದ:

"ವಿಶ್ವಂಭರಣ್ಣ, ಈ ಸಲವೂ ಏರಿನಲ್ಲಿ ನನ್ನ ಟ್ರಾಕ್ಟರಿಗೆ ಹಿಂದೆ ಸ್ವಲ್ಪ ಭಾರ ಕೊಡ್ತೀರಾ?"

ಒಳಗೆ ಚಂಪಾಳ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ತಮ್ಮ ಮೀಸೆ ತೀಡಿದ, ಆಕಾಶ ನೋಡಿದ, ತುಂಬ ಹೊತ್ತು ಯೋಚಿಸಿದ.

"ನೋಡೋಣ" ಎಂದ. "ಬಿಡುವಿದ್ರೆ."